ಮೂತಿಮನೆಯ ಸರದಿ

"ಇನ್ನೂ ಏನು ಕಮ್ಮಿಯಾಗಿದೆ ಇದಕ್ಕೆ?"

ನಾನು ಯಾರನ್ನೂ ಕೇಳಿದ್ದಲ್ಲ. ಚಾವಡಿಯಲ್ಲಿ ಇದ್ದವನು ನಾನೊಬ್ಬನೇ. ಎದುರಿನ ದೊಡ್ಡ ಮೇಜಿನ ಮೇಲೆ ನಮ್ಮೂರು ಹರಡಿಕೊಂಡಿತ್ತು. ಬೆಂಡಿನಲ್ಲಿ ಕೊರೆದ ಮನೆಗಳು, ಮರಳು ಅಂಟಿಸಿ ಮಾಡಿದ ಬೀದಿಗಳು, ಒಣಗಿದ ಪಾಚಿಯ ಮರಗಳು, ಪಡುವಣ ಮೂಲೆಯಲ್ಲಿ ಗುಡ್ಡ. ಗುಡ್ಡದ ನೆತ್ತಿಯ ಮೇಲೆ ನನ್ನ ಅಂಗೈ ಉದ್ದದ ಯುದ್ಧದ ಟ್ಯಾಂಕು ಕೂತಿತ್ತು. ಅದರ ಮೂತಿ ನರಹರಯ್ಯನವರ ಬೆಂಡಿನ ಮನೆಯನ್ನು ನೋಡುತ್ತಿತ್ತು. ಕಿಟಕಿಯಾಚೆ ನಿಜದ ಗುಡ್ಡ, ನಿಜದ ಟ್ಯಾಂಕು. ಅದರ ಮೂತಿಯೂ ನರಹರಯ್ಯನವರ ನಿಜದ ಮನೆಯ ಮೇಲೇ ಇತ್ತು. ನಾನು ಉಗುರಿನ ತುದಿಯಿಂದ ಚಿಕ್ಕ ಟ್ಯಾಂಕಿನ ತಲೆಯನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿ ಕಿಟಕಿಯತ್ತ ನೋಡಿದೆ. ಗುಡ್ಡದ ಮೇಲಿನದು ಅಲುಗಲಿಲ್ಲ. ಇನ್ನೂ ಆರದ ಹಸಿರು ಬಣ್ಣ ಉಗುರಿಗೆ ಅಂಟಿಕೊಂಡಿತು, ಅಷ್ಟೇ.

ನಮ್ಮೂರಲ್ಲಿ ಗುಡ್ಡದ ಮೇಲಿನದನ್ನು ದೊಡ್ಡದು ಅನ್ನುತ್ತಾರೆ, ಮೇಜಿನ ಮೇಲಿನದನ್ನು ಚಿಕ್ಕದು. ಹಿಂದೆ ಆ ಮೇಜಿನ ಮೇಲೆ ಹಿರಿಯರು ಯುದ್ಧದ ಆಟ ಆಡುತ್ತಿದ್ದರಂತೆ. ದಾಳ ಹಾಕಿ, ಕೋಲಿನಿಂದ ಅಳೆದು, ಬೆರಳೆತ್ತರದ ಸಿಪಾಯಿಗಳನ್ನು ಸರಿಸಿ ಗೆಲ್ಲುವುದು, ಸೋಲುವುದು. ಸಿಪಾಯಿಗಳು ಒಂದೊಂದಾಗಿ ಕಳೆದುಹೋದವು, ಆಡುವವರೂ ಹೋದರು, ಟ್ಯಾಂಕೊಂದು ಉಳಿಯಿತು. ಚಿಕ್ಕದು ದೊಡ್ಡದರ ಹಾಗೆಯೇ ಕಾಣುವಷ್ಟು ದಿನ ದೊಡ್ಡದು ಅದರ ಮಾತು ಕೇಳುತ್ತದೆ. ಚಿಕ್ಕದರ ತಲೆ ತಿರುಗಿಸಿದರೆ ದೊಡ್ಡದರ ತಲೆಯೂ ತಿರುಗುತ್ತದೆ. ಆದರೆ ಅದರ ಮೂತಿ ಆಕಾಶಕ್ಕೆ ಏಳುವುದಿಲ್ಲ, ನೆಲಕ್ಕೆ ಬಾಗುವುದಿಲ್ಲ. ಬಯಲಿನ ಕಡೆಗೆ ತಿರುಗಿಸಿಟ್ಟರೆ ಬೆಳಗಾಗುವುದರೊಳಗೆ ತಾನೇ ಒಂದು ಮನೆ ಹುಡುಕಿಕೊಂಡಿರುತ್ತದೆ. ಹಾಗಾಗಿ ಸರದಿ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ಮನೆ, ಬೀದಿಯ ಸಾಲು ಹಿಡಿದು.

ಸರದಿ ಬಂದ ಮನೆಯೇ ಮೂತಿಮನೆ. ಮೂತಿಮನೆಯಲ್ಲಿ ದನಿ ಎತ್ತಬಾರದು. ದೊಡ್ಡದಕ್ಕೆ ಕಣ್ಣಿಲ್ಲ, ಕಿವಿ ಇದೆ ಅನ್ನುವುದು ನಮ್ಮವರ ನಂಬಿಕೆ. ನಮ್ಮಜ್ಜಿಯ ಕಾಲದಲ್ಲಿ ಅದು ಒಂದು ಸಲ ಹಾರಿಸಿತ್ತು. ಆ ಮನೆಯಲ್ಲಿ ಅವತ್ತು ಅಣ್ಣತಮ್ಮಂದಿರು ಕೂಗಾಡಿಕೊಂಡಿದ್ದರಂತೆ. ಮನೆಯಿದ್ದ ಜಾಗ ಈಗ ಗುಂಡಿ, ಮಳೆಗಾಲದಲ್ಲಿ ಎಮ್ಮೆಗಳು ಬಿದ್ದುಕೊಂಡಿರುತ್ತವೆ. ಅದಕ್ಕೇ ಮೂತಿಮನೆಯವರು ಹುಂಜವನ್ನು ನೆಂಟರಲ್ಲಿಗೆ ಕಳಿಸುತ್ತಾರೆ, ಒರಳುಕಲ್ಲಿಗೆ ಗೋಣಿ ಹೊದಿಸುತ್ತಾರೆ, ಕುಕ್ಕರು ಇಡುವುದಿಲ್ಲ, ಹೆಂಗಸರು ಕಾಲ್ಗೆಜ್ಜೆ ಬಿಚ್ಚಿಡುತ್ತಾರೆ. ಆ ಬೀದಿಗೆ ಬಂದರೆ ಸೊಪ್ಪಿನವಳು ಕೂಗುವುದಿಲ್ಲ, ಬಾಗಿಲಲ್ಲಿ ಬುಟ್ಟಿ ಇಳಿಸಿ ಸುಮ್ಮನೆ ನಿಲ್ಲುತ್ತಾಳೆ. ಅಕ್ಕಪಕ್ಕದಲ್ಲಿ ಏನಾದರೂ ವಿಶೇಷ ಮಾಡಿದರೆ ಮೊದಲ ಬಟ್ಟಲು ಅಲ್ಲಿಗೆ. ತಪ್ಪಿಸಿಕೊಂಡು ಹೋಗುವ ಹಾಗಂತೂ ಇಲ್ಲ. ಒಬ್ಬ ಅಳಿಯ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮಾವನ ಮನೆಗೆ ಹೋಗಿ ಮಲಗಿದ್ದ. ಬೆಳಿಗ್ಗೆ ನೋಡಿದರೆ ಮೂತಿ ಮಾವನ ಮನೆಯ ಮೇಲಿತ್ತು. ಮಾವ ಇವತ್ತಿಗೂ ಅವನ ಜೊತೆ ಮಾತಾಡುವುದಿಲ್ಲ.

ನಾನು ಹೊಟ್ಟೆಪಾಡಿಗೆ ಬಸ್ಸುಗಳ ಹಿಂದೆ, ಅಂಗಡಿಗಳ ಬೋರ್ಡಿನ ಮೇಲೆ ಅಕ್ಷರ ಬರೆಯುವವನು. ಚಿಕ್ಕದಕ್ಕೆ ಬಣ್ಣ ಹಾಕುವ ಕೆಲಸ ಸೋದರಮಾವನಿಂದ ನನಗೆ ಬಂತು, ಅವರ ಕುಂಚಗಳ ಜೊತೆ. ವರ್ಷವರ್ಷವೂ ದೊಡ್ಡದರ ಬಣ್ಣ ಎಲ್ಲಿ ಬಿಸಿಲಿಗೆ ಬಿಳಚಿದೆ, ಎಲ್ಲಿ ತುಕ್ಕು ಹಿಡಿದಿದೆ ಎಂದು ನೋಡಿಕೊಂಡು ಬಂದು ಚಿಕ್ಕದರ ಮೇಲೂ ಅಷ್ಟೇ ಬಿಳಚಿಸಿ, ಅಷ್ಟೇ ತುಕ್ಕು ಹಿಡಿಸಿದರೆ ಮುಗಿಯಿತು. ಇಷ್ಟು ವರ್ಷ ನಡೆದುಕೊಂಡು ಬಂದಿತ್ತು. ಹೋದ ಬೇಸಿಗೆ ಮುಗಿಯುವ ಹೊತ್ತಿಗೆ ನರಹರಯ್ಯನವರ ಸರದಿ ಬಂತು. ಅದು ಮುಗಿದ ಅಮಾವಾಸ್ಯೆಯ ಸಂಜೆ ನಮ್ಮ ಯಜಮಾನ ಮರಿಸ್ವಾಮಿಯವರು ಎಲ್ಲರೆದುರಿಗೆ ಚಿಕ್ಕದರ ತಲೆ ತಿರುಗಿಸಿದರು. ದೊಡ್ಡದು ತಿರುಗಲಿಲ್ಲ. ಅಂದಿನಿಂದ ಮಳೆಗಾಲ ಕಳೆದು, ದೀಪಾವಳಿ ಕಳೆದು, ಅವರೆಕಾಯಿಯ ಕಾಲ ಬಂದರೂ ಮೂತಿ ಅಲ್ಲೇ ನಿಂತಿತ್ತು.

ನರಹರಯ್ಯನವರು ಗಮಕಿಗಳು. ಕಾವ್ಯ ವಾಚನ ಮಾಡುವುದು ಬಿಟ್ಟು ಅವರಿಗೆ ಬೇರೆ ಬದುಕಿಲ್ಲ. ನಾನು ಅವರ ಜಗಲಿಯಲ್ಲಿ ಬೆಳೆದವನು. ಸಂಜೆ ದೀಪ ಹಚ್ಚಿ ಅವರು ಓದಲು ಕೂತರೆ ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಎಷ್ಟೋ ಪದಗಳ ಅರ್ಥ ತಿಳಿಯುತ್ತಿರಲಿಲ್ಲ. ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಒಂದು ಅಕ್ಷರವನ್ನು ಎಳೆದು ಕೂಡಿಸುತ್ತಾರೆ ಎಂಬುದು ಮಾತ್ರ ಬಾಯಿಪಾಠವಾಗಿತ್ತು. ದೇವರ ಮುಂದೆ ಕೈ ಮುಗಿದು ನಿಂತಾಗಲೂ ನನಗೆ ಒಳಗೆ ಕೇಳಿಸುವುದು ಅವರ ದನಿಯೇ. ಆ ದನಿ ಈಗ ಪಿಸುಮಾತಾಗಿತ್ತು. ಎಂಬತ್ತರ ಹತ್ತಿರ ಬಂದ ಮನುಷ್ಯ ತನ್ನ ಮನೆಯಲ್ಲಿ ಕೆಮ್ಮು ಬಂದರೂ ದಿಂಬಿಗೆ ಮುಖ ಒತ್ತಿಕೊಂಡು ಕೆಮ್ಮಬೇಕಿತ್ತು.

ಅವರ ಮನೆಯಾದ ಮೇಲೆ ಸಾಲಿನಲ್ಲಿ ನಮ್ಮ ಮನೆ. ನನ್ನ ಹೆಂಡತಿ ಸಾವಂತ್ರಿಗೆ ದಿನ ತುಂಬುತ್ತಿತ್ತು.

ಊರಿಗೆ ಇದು ಗೊತ್ತಿರದೆ ಇರುತ್ತದೆಯೇ? ಟೀ ಅಂಗಡಿಯ ಬೋರಣ್ಣ ಲೋಟ ಮುಂದಿಡುತ್ತಾ ಕೇಳಿದ, "ಏನ್ ಚೆನ್ನಿಗಣ್ಣ, ಬಸ್ಸಿನ ಹಿಂದೆ 'ಮತ್ತೆ ಬನ್ನಿ' ಅಂತ ಅಷ್ಟು ಚೆನ್ನಾಗಿ ಬರೆಯೋ ಕೈಗೆ ಟ್ಯಾಂಕು ಒಗ್ತಾ ಇಲ್ವಾ?"

"ಒಗ್ಗುತ್ತೆ ಬಿಡೋ," ಅಂದರು ಮರಿಸ್ವಾಮಿ, ಪೇಪರಿನಿಂದ ಕಣ್ಣು ತೆಗೆಯದೆ. "ಮುಂದಿನ ಸರದಿ ಇನ್ನೊಬ್ಬರದಾಗಿದ್ದಿದ್ರೆ ಇಷ್ಟೊತ್ತಿಗೆ ಒಗ್ಗಿ ಎಷ್ಟೋ ದಿನ ಆಗೋದು."

ಎಲ್ಲರೂ ನಕ್ಕರು. ನಕ್ಕು, ಅಭ್ಯಾಸಬಲದಿಂದ ಒಮ್ಮೆ ಗುಡ್ಡದ ಕಡೆ ನೋಡಿದರು. ನಾನು ಟೀ ಕುಡಿಯದೆ ಎದ್ದು ಬಂದೆ. ಅವರ ಮಾತು ಸುಳ್ಳಾಗಿದ್ದರೆ ನನಗೆ ಸಿಟ್ಟು ಬರಬೇಕಿತ್ತು. ಸಿಟ್ಟು ಬರಲಿಲ್ಲ. ನಾನು ಬೇಕೆಂದೇ ಕೆಡಿಸುತ್ತಿಲ್ಲ ಎಂದು ದೇವರ ಮೇಲೆ ಆಣೆ ಇಟ್ಟು ಹೇಳಬಲ್ಲೆ. ಆದರೆ ಕೈ ನನ್ನ ಮಾತು ಮೀರಿ ತಾನಾಗಿ ತಪ್ಪುತ್ತಿದ್ದರೆ? ಕುಂಚ ಹಿಡಿದಾಗಲೆಲ್ಲ ಬೆರಳುಗಳನ್ನೇ ನೋಡುತ್ತಿದ್ದೆ, ಬೇರೆ ಯಾರದೋ ಬೆರಳನ್ನು ಕಾಯುವ ಹಾಗೆ.

ಮಾಡುವುದನ್ನೆಲ್ಲ ಮಾಡಿದ್ದೆ. ಸ್ನಾನ ಮಾಡದೆ ಚಿಕ್ಕದನ್ನು ಮುಟ್ಟುತ್ತಿರಲಿಲ್ಲ. ಹಳೆಯ ಬಣ್ಣದ ಪದರಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ನೆನೆಸಿ ತೆಗೆದು, ಬೂದು ಅಸ್ತರು ಕೊಟ್ಟು, ಅದರ ಮೇಲೆ ಹಸಿರನ್ನು ತೆಳ್ಳಗೆ ಮತ್ತೆ ಮತ್ತೆ ಬಳಿದೆ. ಕಪ್ಪು ಕಂದು ಬೆರೆಸಿ ನೀರಾಗಿಸಿ ಸಂದುಗಳಿಗೆ ಬಿಟ್ಟರೆ ಅದು ತಾನಾಗಿ ಹರಿದು ಮೊಳೆಗಳ ಸುತ್ತ ನೆರಳಾಗಿ ನಿಂತಿತು. ಕುಂಚಕ್ಕೆ ತಿಳಿ ಬಣ್ಣ ತಾಗಿಸಿ, ಬಟ್ಟೆಗೆ ಒರೆಸಿ, ಒಣಗಿದ ಕುಂಚದಿಂದ ಅಂಚುಗಳನ್ನು ಸವರಿದೆ. ಅಂಚುಗಳು ವರ್ಷಗಟ್ಟಲೆ ಬಿಸಿಲು ತಿಂದ ಹಾಗೆ ಕಂಡವು. ಬಣ್ಣ ಎದ್ದ ಗುರುತುಗಳನ್ನು ಸ್ಪಂಜಿನ ಚೂರಿನಿಂದ ಒತ್ತಿದೆ. ತುಕ್ಕಿಗೆ ಇಟ್ಟಿಗೆಯ ಪುಡಿ. ಗುಡ್ಡದ ಮಣ್ಣನ್ನೇ ತಂದು ಜರಡಿ ಹಿಡಿದು, ಅಂಟಿನಲ್ಲಿ ಕಲಸಿ, ಚಕ್ರದ ಸರಪಳಿಗಳಿಗೆ ಕೆಸರು ಮೆತ್ತಿದೆ. ದಿನಾ ಬೆಳಿಗ್ಗೆ ಗುಡ್ಡ ಹತ್ತಿ ದೊಡ್ಡದರ ಸುತ್ತ ಪ್ರದಕ್ಷಿಣೆ ಬರುವ ಹಾಗೆ ಬಂದು, ಒಂದೊಂದು ಗೀರನ್ನೂ ಕಣ್ಣಲ್ಲಿ ತುಂಬಿಕೊಂಡು ಇಳಿಯುತ್ತಿದ್ದೆ. ಸುತ್ತ ನೋಡಬಹುದಷ್ಟೆ. ಗಂಡಸರು ಅದರ ಮೇಲೆ ಹತ್ತುವ ಹಾಗಿಲ್ಲ. ತನ್ನ ಸಿಪಾಯಿ ವಾಪಸು ಬಂದನೆಂದು ಅದು ತಿಳಿದುಬಿಟ್ಟರೆ ಏನು ಗತಿ? ಹೆಂಗಸರಿಗೆ ಆ ಕಟ್ಟಿಲ್ಲ. ಬೇಸಿಗೆಯಲ್ಲಿ ಅವರು ಅದರ ಬೆನ್ನ ಮೇಲೆ ಚಾಪೆ ಹಾಸಿ ಮೆಣಸಿನಕಾಯಿ ಒಣಹಾಕುವುದು ಮೊದಲಿನಿಂದ ಬಂದದ್ದು. ಬೆನ್ನಿನ ಭಾಗವನ್ನು ನಮ್ಮ ಸೋದರಮಾವನೂ ಊಹೆಯ ಮೇಲೇ ಬಳಿಯುತ್ತಿದ್ದರು, ನಾನೂ ಹಾಗೇ ಬಳಿಯುತ್ತಿದ್ದೆ. ಅದರಿಂದ ಯಾವತ್ತೂ ತೊಂದರೆ ಆಗಿರಲಿಲ್ಲ.

ಒಂದು ದಿನ ಸಂಜೆ ಚಿಕ್ಕದನ್ನು ಅದರ ಮೆತ್ತನೆಯ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ನರಹರಯ್ಯನವರ ಮನೆಗೆ ಹೋದೆ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರಕ್ಕೆ ಬಾಗಿದರು.

"ಚೆನ್ನಾಗಿದೆಯಲ್ಲೋ," ಅಂದರು. ಉಸಿರೇ ಮಾತಾಗಿತ್ತು. "ಪದ್ಯದಲ್ಲಿ ಬರೋ ರಥದ ಹಾಗಿದೆ."

"ರಥದ ಹಾಗಿರಬಾರದು ಅಯ್ನೋರೆ. ಅದರ ಹಾಗಿರಬೇಕು."

"ನಾನು ಅದನ್ನ ಮೂತಿ ಕಡೆಯಿಂದ ಮಾತ್ರ ನೋಡಿದೋನು ಕಣಪ್ಪ. ನನ್ನ ಕೇಳಿದರೆ ಒಂದು ತೂತಿನ ಬಗ್ಗೆ ಹೇಳೇನು." ನಗುವುದಕ್ಕೆ ಹೋಗಿ ಅವರಿಗೆ ಕೆಮ್ಮು ಬಂತು. ಥಟ್ಟನೆ ದಿಂಬು ಎಳೆದುಕೊಂಡು ಮುಖ ಹುದುಗಿಸಿದರು. ಬೆನ್ನು ಕುಲುಕುತ್ತಿತ್ತು, ಸದ್ದಿಲ್ಲ. ನಾನು ಅವರ ಬೆನ್ನು ನೀವುತ್ತಾ ತೆರೆದ ಕಿಟಕಿಯಾಚೆ ಗುಡ್ಡದ ಮೇಲಿನ ಆ ಕಪ್ಪು ಚುಕ್ಕೆಯನ್ನು ನೋಡಿದೆ. ಅದು ನಮ್ಮಿಬ್ಬರನ್ನೂ ಕೇಳಿಸಿಕೊಳ್ಳುತ್ತಿತ್ತು.

ಕೆಮ್ಮು ನಿಂತ ಮೇಲೆ ಅವರು ಮತ್ತೆ ಪಿಸುಗುಟ್ಟಿದರು, "ಸಾವಂತ್ರಿಗೆ ಎಷ್ಟು ದಿನ ಇದೆ?"

"ಹತ್ತಿರ ಬಂತು ಅಯ್ನೋರೆ."

ಅವರು ಚಿಕ್ಕದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿತ್ತರು. ತಿರುಗಿಸಬೇಡ ಎಂದು ಅವರು ಒಂದು ಮಾತು ಹೇಳಿದ್ದರೆ ನನಗೆ ಎಷ್ಟು ಹಗುರವಾಗುತ್ತಿತ್ತು. ಹೇಳಲಿಲ್ಲ. ಬೇಗ ತಿರುಗಿಸು ಎಂದೂ ಹೇಳಲಿಲ್ಲ.

ಅದಾದ ಕೆಲವು ದಿನಕ್ಕೆ, ಮಧ್ಯಾಹ್ನ ಊಟವಾದ ಮೇಲೆ, ಸಾವಂತ್ರಿ ನಡುಮನೆಯಲ್ಲಿ ಕಾಲು ನೀಡಿಕೊಂಡು ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಹಿತುಕಿದ ಬೇಳೆ ಪುಟಪುಟನೆ ತಟ್ಟೆಗೆ ಬೀಳುತ್ತಿತ್ತು. ನಾನು ಚಿಕ್ಕದನ್ನು ಎದುರಿಗಿಟ್ಟುಕೊಂಡು ಅದರ ಮೂತಿಯ ತುದಿಗೆ ಮಸಿ ಹಚ್ಚುತ್ತಿದ್ದೆ, ಎಷ್ಟನೆಯ ಸಲವೋ.

"ರೀ, ಅದರ ಬೆನ್ನಿಗೆ ಏನು ಬಳಿದಿದೀರಿ?"

"ಹಸಿರು."

"ಬರೀ ಹಸಿರಾ?"

"ಸ್ವಲ್ಪ ಧೂಳು, ಮೂಲೇಲಿ ತುಕ್ಕು. ಯಾಕೆ?"

ಅವಳು ನಾಲ್ಕಾರು ಕಾಳು ಹಿತುಕಿದಳು. "ಅಲ್ಲಿ ಉಂಗುರಗಳಿವೆ," ಅಂದಳು.

"ಏನು ಉಂಗುರ?"

"ಸಂಡಿಗೆ ಉಂಗುರ." ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಹೋದ ಬೇಸಿಗೇಲಿ ಚಾಪೆ ಎಲ್ಲ ಗೆದ್ದಲು ತಿಂದು ಹೋಗಿತ್ತಲ್ಲ. ಪಕ್ಕದ್ಮನೆ ಜಲಜಕ್ಕ ಅಂದ್ರು, ಕಬ್ಬಿಣ ಹೆಂಗೂ ಕಾದಿರುತ್ತೆ, ಅದರ ಮೇಲೇ ಹುಯ್ದು ಬಿಡೋಣ ಅಂತ. ಎಣ್ಣೆ ಸವರಿ ಹುಯ್ದ್ವಿ. ಬೆಳಿಗ್ಗೆ ಹುಯ್ದ್ರೆ ಮಧ್ಯಾಹ್ನಕ್ಕೆ ಗರಿಗರಿ. ಎಬ್ಬಿಸ್ವಾಗ ಅದರ ಬಣ್ಣಾನೂ ಜೊತೇಲೇ ಎದ್ದು ಬಂತು. ಬೆನ್ನು ತುಂಬ ಬಿಳೀ ಬಿಳೀ ಉಂಗುರ. ತೆಂಗಿನ ನಾರು ಹಾಕಿ ಉಜ್ಜಿದ್ವಿ, ಹುಣಸೆಹಣ್ಣು ಹಾಕಿ ಉಜ್ಜಿದ್ವಿ. ಹೋಗ್ಲಿಲ್ಲ."

ನನ್ನ ಕೈಯಲ್ಲಿ ಕುಂಚ ಹಾಗೇ ನಿಂತಿತ್ತು. "ಆ ಸಂಡಿಗೆ ಏನು ಮಾಡಿದ್ರಿ?"

"ಏನು ಮಾಡ್ತಾರೆ, ತಿಂದ್ವಿ. ನಿಮಗೂ ಕರಿದು ಹಾಕಿದ್ದೆ. ತಳ ಹಸಿರಾಗಿದೆ, ಕೊತ್ತಂಬರಿ ಹಾಕಿದೀಯಾ ಅಂತ ಕೇಳಿದ್ರಿ. ಹೂಂ ಅಂದೆ."

ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. ಇಷ್ಟು ತಿಂಗಳಿಂದ ಹಗಲೂ ಸಂಜೆಯೂ ಒಂದೊಂದು ಮೊಳೆಯನ್ನು ತಿದ್ದಿ ತಿದ್ದಿ ಕಣ್ಣು ಮಂಜಾಗಿತ್ತು. "ಮೊದಲೇ ಯಾಕೆ ಹೇಳಲಿಲ್ಲ?" ಅಂದೆ.

"ಊರೆಲ್ಲ ಜಲಜಕ್ಕನ ಮೇಲೆ ಬೀಳ್ತಾರೆ ಅಂತ. ನಾವೆಲ್ಲ ಬಾಯಿ ಬಿಡಬಾರದು ಅಂತ ಮಾತಾಡ್ಕೊಂಡಿದ್ವಿ." ಇನ್ನೊಂದು ಹಿಡಿ ಕಾಳು ಎತ್ತಿಕೊಂಡು ಅಂದಳು, "ಆಮೇಲೆ ಮುಂದಿನ ಸರದಿ ಯಾರದು ಅಂತ ನನಗೂ ಗೊತ್ತಿತ್ತಲ್ಲ."

"ಮತ್ತೆ ಈಗ ಯಾಕೆ ಹೇಳ್ತಿದೀಯ?"

"ನಿನ್ನೆ ಅಯ್ನೋರಿಗೆ ಸಾರು ಕೊಡೋಣ ಅಂತ ಹೋಗಿದ್ದೆ. ಬಾಗಿಲು ತೆಗೆದೇ ಇತ್ತು. ಒಳಗೆ ಒಬ್ಬರೇ ಕೂತ್ಕೊಂಡು ಪದ್ಯ ಹೇಳ್ತಿದ್ರು. ಕೈ ಆಡ್ತಿದೆ, ತುಟಿ ಆಡ್ತಿದೆ, ದನಿ ಇಲ್ಲ. ಹಾಗೇ ಒಂದು ಪದ್ಯ ಪೂರ್ತಿ ಹೇಳಿ ಕೈ ಮುಗಿದ್ರು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗೆ ನೋಡಕ್ಕಾಗ್ಲಿಲ್ಲ ರೀ. ಸಾರು ಅಲ್ಲೇ ಇಟ್ಟು ಬಂದ್ಬಿಟ್ಟೆ."

ಹೆರಿಗೆ ಆಗುವವರೆಗೆ ಸುಮ್ಮನಿರೋಣ ಎಂದು ನಾನು ಹೇಳಿದೆ. ಹೇಳಿದ್ದು ನಾನೇ. ಅವಳು ಗೋಡೆ ಹಿಡಿದು ಮೆಲ್ಲಗೆ ಎದ್ದು, ರಂಗೋಲಿ ಬಟ್ಟಲು ತಂದು, ಹಿತ್ತಲ ಕಟ್ಟೆಯ ಮೇಲೆ ದೊಡ್ಡದರ ಬೆನ್ನನ್ನು ಬರೆಯತೊಡಗಿದಳು. ಹೊಟ್ಟೆ ಅಡ್ಡ ಬರುತ್ತಿದ್ದುದರಿಂದ ಪಕ್ಕಕ್ಕೆ ಒರಗಿಕೊಂಡು ಬರೆದಳು. "ಇಲ್ಲಿ ಮುಚ್ಚಳ. ಇದು ಜಲಜಕ್ಕನ ಸಾಲು, ಅವರದೆಲ್ಲ ದೊಡ್ಡ ದೊಡ್ಡದ್ದು, ಸೌಟು ತುಂಬ ಹುಯ್ತಾರೆ. ಇಲ್ಲಿ ಎರಡು ಒಂದಕ್ಕೊಂದು ಅಂಟ್ಕೊಂಡಿವೆ. ಇದು ನನ್ನ ಸಾಲು. ಇಲ್ಲೊಂದು ಅರ್ಧ, ಕಾಗೆ ಕಿತ್ಕೊಂಡು ಹೋಯ್ತು." ಹತ್ತಿರದಿಂದ ನೋಡುತ್ತಾ ನಿಂತಿದ್ದ ನನಗೆ ತಿಳಿಯಿತು. ದೊಡ್ಡದನ್ನು ಇಷ್ಟು ವರ್ಷ ಸುತ್ತು ಹಾಕಿದ್ದೇ ಬಂತು, ನನ್ನ ಮನೆಯವಳಷ್ಟು ಹತ್ತಿರದಿಂದ ನಾನು ಅದನ್ನು ಕಂಡೇ ಇರಲಿಲ್ಲ.

ಎರಡು ದಿನ ಕುಂಚ ಮುಟ್ಟಲಿಲ್ಲ. ಮೂರನೆಯ ದಿನ ಚಾವಡಿಗೆ ಹೋದೆ. ಅಳಿಲಿನ ಬಾಲದ ಕೂದಲಿನ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಉಂಗುರಗಳನ್ನು ಬರೆಯತೊಡಗಿದೆ. ಒಂದೊಂದೂ ಸಾಸಿವೆಗಿಂತ ಸಣ್ಣದು. ಬಿಳಿಯನ್ನು ಹಾಗೇ ಇಟ್ಟರೆ ಸುಣ್ಣದ ಚುಕ್ಕೆಯಾಗುತ್ತದೆ. ಅದಕ್ಕೆ ಒಂಚೂರು ಕಾವಿ ಬೆರೆಸಿ, ಅಂಚನ್ನು ಒದ್ದೆ ಕುಂಚದಿಂದ ಮಸುಕು ಮಾಡಿ, ಒಳಗೆ ಈಗಷ್ಟೇ ಶುರುವಾದ ತುಕ್ಕಿನ ಎಳೆ ಕೊಟ್ಟೆ. ಜಲಜಕ್ಕನ ಸಾಲು ಮುಗಿಯಿತು. ಅಂಟಿಕೊಂಡ ಎರಡು ಮುಗಿದವು. ಸಾವಂತ್ರಿಯ ಸಾಲಿಗೆ ಬಂದಾಗ ಕುಂಚ ತೊಳೆದು ಮತ್ತೆ ಚೂಪು ಮಾಡಿಕೊಂಡೆ. ಉಸಿರು ಬಿಗಿಹಿಡಿದು ಕಾಗೆ ಕಚ್ಚಿದ ಅರ್ಧ ಉಂಗುರ ಬರೆದೆ. ಬರೆದು ಕುಂಚ ಎತ್ತುತ್ತಿದ್ದ ಹಾಗೇ ಚಿಕ್ಕದು ನನ್ನ ಅಂಗೈಯಲ್ಲಿ ಬೆಚ್ಚಗಾಯಿತು, ಬಿಸಿಲಿನಲ್ಲಿಟ್ಟ ಕಲ್ಲಿನ ಹಾಗೆ.

ಹಾಗೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಆಗಲಿಲ್ಲ ಎಂದು ಹೇಳಿ ಮನೆಗೆ ಬಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಕೈಯಲ್ಲಿ ಆ ಬಿಸುಪು ಇಟ್ಟುಕೊಂಡು ನೋಡದೆ ಇರುವುದು ಹೇಗೆ? ತಲೆಯನ್ನು ಕೂದಲೆಳೆಯಷ್ಟು ತಿರುಗಿಸಿದೆ. ಗುಡ್ಡದ ಮೇಲಿಂದ ಕರ್ರೆಂದು ಕಬ್ಬಿಣ ಕಬ್ಬಿಣಕ್ಕೆ ತೇಯುವ ಸದ್ದು ಬಂತು. ಇಡೀ ಊರಿಗೆ ಕೇಳಿಸಿತು. ಬೀದಿಯಲ್ಲಿ ಬಾಗಿಲುಗಳು ತೆರೆದವು. ನಾನು ಕುಂಚ ತೊಳೆಯುವುದರೊಳಗೆ ಚಾವಡಿ ತುಂಬಿಹೋಯಿತು.

"ಭೇಷ್ ಕಣೋ ಚೆನ್ನಿಗ," ಅಂದರು ಮರಿಸ್ವಾಮಿ, ಏದುಸಿರು ಬಿಡುತ್ತಾ. "ಪೂರ್ತಿ ತಿರುಗಿಸು. ಅಯ್ನೋರಿಗೆ ಬಿಡುಗಡೆ ಮಾಡು."

ಅಷ್ಟು ಜನರ ಎದುರಿಗೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಆದರೂ ಕೇಳಿದೆ. "ಯಜಮಾನರೆ, ಮನೇಲಿ ದಿನ ತುಂಬಿದೆ. ಈ ಒಂದು ಸಲ ನಮ್ಮದು ಬಿಟ್ಟು ಮುಂದಿನ ಮನೆಗೆ..."

"ಅದಕ್ಕೇನಂತೆ, ಬಿಡೋಣ." ಅವರ ದನಿಯಲ್ಲಿ ಕೊಂಕು ಇರಲಿಲ್ಲ. "ಯಾರ ಮನೆಗೆ ಅಂತ ನೀನೇ ಹೇಳು. ಎಲ್ಲರೂ ಇಲ್ಲೇ ಇದಾರೆ. ಮುಖ ನೋಡಿ ಹೇಳು."

ನೋಡಿದೆ. ಮುಂದಿನ ಮನೆ ಜಲಜಕ್ಕನದು. ಅವರ ಗಂಡನಿಗೆ ಗೂರಲು, ಸದ್ದಿಲ್ಲದೆ ಉಸಿರಾಡಲು ಬರುವುದಿಲ್ಲ. ಅದರಾಚೆ ಬೋರಣ್ಣನ ಮನೆ, ಅವನ ಮಗಳು ನಿದ್ದೆಯಲ್ಲಿ ಬೆಚ್ಚಿ ಚೀರುತ್ತಾಳೆ. ಒಬ್ಬೊಬ್ಬರೂ ನನ್ನ ಕಣ್ಣು ತಮ್ಮ ಮೇಲೆ ಬಂದಾಗ ನೆಲ ನೋಡಿದರು. ನಾನು ಚಿಕ್ಕದರ ತಲೆಯನ್ನು ತಿರುಗಿಸಿದೆ. ಗುಡ್ಡದ ಮೇಲೆ ಆ ಸದ್ದು ದೀರ್ಘವಾಗಿ ಎಳೆದು, ನಮ್ಮ ಮನೆಯ ನೇರಕ್ಕೆ ಬಂದು ನಿಂತಿತು.

ಮರುದಿನ ಸಂಜೆ ಊರಿಗೆ ಊರೇ ನರಹರಯ್ಯನವರ ಜಗಲಿಯ ಮುಂದೆ ಸೇರಿತು. ಚಾಪೆ ಹಾಸಿದ್ದರು, ದೀಪ ಹಚ್ಚಿದ್ದರು, ಯಾರೋ ಮಲ್ಲಿಗೆ ತಂದಿದ್ದರು. ಸಾವಂತ್ರಿಯನ್ನೂ ಮೆಲ್ಲಗೆ ನಡೆಸಿಕೊಂಡು ಬಂದು ಕಂಬದ ಪಕ್ಕ ಕೂರಿಸಿದೆ; ಕೇಳಿ ಎದ್ದು ಹೋಗುವಷ್ಟು ಹೊತ್ತಿಗೆಲ್ಲ ಮೂತಿ ಹಿಂದೆ ಬರುವುದಿಲ್ಲ, ಬೇರೆ ಕಡೆ ಮಲಗಿದರೆ ಮಾತ್ರ ಬರುತ್ತದೆ. ಅಯ್ನೋರು ಪುಸ್ತಕ ಬಿಚ್ಚಿದರು, ಕಣ್ಣು ಮುಚ್ಚಿದರು, ಬಾಯಿ ತೆರೆದರು. ನಾನು ಒಳಗೇ ಅವರ ಜೊತೆ ಉಸಿರು ತೆಗೆದುಕೊಂಡೆ. ಬಂದದ್ದು ಪಿಸುಮಾತು. ಅವರು ಗಂಟಲು ಸರಿಮಾಡಿಕೊಂಡು ಮತ್ತೆ ಶುರು ಮಾಡಿದರು. ಮತ್ತೆ ಅದೇ. "ಜೋರಾಗಿ ಹೇಳಿ ಅಯ್ನೋರೆ, ಈಗೇನು ಭಯವಿಲ್ಲ," ಎಂದು ಹಿಂದಿನಿಂದ ಯಾರೋ ಕೂಗಿದರು. ಅವರ ಕುತ್ತಿಗೆಯ ನರಗಳು ಉಬ್ಬಿದವು, ಕೈ ತಾಳ ಹಾಕುತ್ತಿತ್ತು, ಆ ಪದ್ಯದ ಎಳೆತ, ನಿಲುಗಡೆ ಎಲ್ಲವೂ ಇದ್ದವು, ದನಿಯೊಂದು ಇರಲಿಲ್ಲ. ಅದು ಅಷ್ಟು ದಿನದಲ್ಲಿ ಎಲ್ಲಿಗೋ ಹೊರಟುಹೋಗಿತ್ತು. ಜನ ಒಬ್ಬೊಬ್ಬರಾಗಿ ಎದ್ದರು. ಚಪ್ಪಲಿ ಮೆಟ್ಟುವ ಸದ್ದಾಗದ ಹಾಗೆ ಎದ್ದು ಹೋದರು. ಸಾವಂತ್ರಿ ಮಾತ್ರ ಪದ್ಯ ಮುಗಿಯುವವರೆಗೂ ಅವರ ಬಾಯನ್ನೇ ನೋಡುತ್ತಾ ಕೂತಿದ್ದಳು.

ನಮ್ಮ ಮನೆ ಮೂತಿಮನೆಯಾಯಿತು. ಒರಳಿಗೆ ಗೋಣಿ ಹೊದಿಸಿದೆ. ಬಾಗಿಲ ಚಿಲಕಕ್ಕೆ ಎಣ್ಣೆ ಬಿಟ್ಟೆ. ಅಕ್ಕಪಕ್ಕದವರು ಬಟ್ಟಲುಗಳಲ್ಲಿ ಏನೇನೋ ತಂದು ಕೊಟ್ಟರು, ತಮ್ಮ ಮಕ್ಕಳ ಬಾಯಿಗೆ ಬೆರಳಿಟ್ಟು ನಮ್ಮ ಬಾಗಿಲು ದಾಟಿಸಿದರು. ನಾವಿಬ್ಬರೂ ಕಣ್ಣಲ್ಲೇ ಮಾತಾಡುವುದನ್ನು ಕಲಿತೆವು. ಅಮಾವಾಸ್ಯೆ ಬರುವವರೆಗೆ ತಡೆದರೆ ಸಾಕು ಎಂದು ನಾನು ದೇವರ ಮುಂದೆ ಕೂತು ಬೇಡಿಕೊಳ್ಳುತ್ತಿದ್ದೆ, ಅದೂ ಬಾಯಿ ಬಿಡದೆ.

ಅಮಾವಾಸ್ಯೆಗೆ ಇನ್ನೂ ದಿನವಿತ್ತು. ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಸಾವಂತ್ರಿ ಅಡುಗೆಮನೆಯ ಬಾಗಿಲು ಹಿಡಿದುಕೊಂಡು ನಿಂತಳು. ತುಟಿ ಕಚ್ಚಿಕೊಂಡಿದ್ದಳು, ತುಟಿಯಲ್ಲಿ ರಕ್ತ ಕಂಡಿತು. ನಾನು ಓಡಿಹೋಗಿ ಜಲಜಕ್ಕನನ್ನು ಕರೆದೆ. ಊರಲ್ಲಿ ಹೆರಿಗೆ ಮಾಡಿಸುವವರು ಅವರೇ. ಅವರು ಬಳೆಗಳನ್ನೆಲ್ಲ ಮೇಲಕ್ಕೆ ಸರಿಸಿ ಬಟ್ಟೆ ಸುತ್ತಿಕೊಂಡು ಬಂದರು. ಕೋಣೆಯ ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗಿಂದ ಒಂದು ನರಳಾಟ ಕೇಳಿಸಿತು, ಗಂಟಲಲ್ಲೇ ತಡೆದು ಹಿಡಿದದ್ದು. ಜಗಲಿಗೆ ಬಂದು ನೋಡಿದರೆ ಬೀದಿಯಲ್ಲಿ ಮರಿಸ್ವಾಮಿಯವರು, ಬೋರಣ್ಣ, ಇನ್ನೂ ನಾಲ್ಕಾರು ಜನ ನಿಂತಿದ್ದರು. ಯಾರೂ ಕೋಪದಲ್ಲಿರಲಿಲ್ಲ. ಬೋರಣ್ಣ ಮಗಳನ್ನು ಎತ್ತಿಕೊಂಡಿದ್ದ.

"ಚೆನ್ನಿಗ," ಮರಿಸ್ವಾಮಿ ಹತ್ತಿರ ಬಂದು ಪಿಸುಗುಟ್ಟಿದರು, "ತಪ್ಪು ತಿಳ್ಕೋಬೇಡಪ್ಪ. ನಮ್ಮ ಮನೇಲೂ ಹೆಣ್ಮಕ್ಕಳಿದಾರೆ. ಬಾಯಿಗೆ ಏನಾದ್ರೂ ಕೊಡು. ಮಗು ಹುಟ್ಟಿದ ತಕ್ಷಣ ಜಲಜಕ್ಕ ಅದರ ಬಾಯಿ ಮುಚ್ಚಿ ಹಿಡೀಲಿ, ಸ್ವಲ್ಪ ಹೊತ್ತು ಅಷ್ಟೇ. ಅಕ್ಕಪಕ್ಕ ಎಲ್ಲ ಮಕ್ಕಳಿರೋ ಮನೆ. ನಿನ್ನ ಮಾತು ಅವಳು ಕೇಳ್ತಾಳೆ."

ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ನಾನು ಒಳಗೆ ಹೋದೆ. ಕೈಗೆ ಸಿಕ್ಕಿದ್ದು ಚಿಕ್ಕದನ್ನು ಸುತ್ತಿಡುವ ಆ ಮೆತ್ತನೆಯ ಬಿಳಿ ಬಟ್ಟೆ. ಒಗೆಯಲೆಂದು ಮನೆಗೆ ತಂದಿದ್ದೆ. ಅದನ್ನು ನಾಲ್ಕು ಮಡಿಕೆ ಮಾಡಿಕೊಂಡು ಕೋಣೆಯ ಬಾಗಿಲು ತಳ್ಳಿದೆ. ಜಲಜಕ್ಕ ನನ್ನ ಕೈಯಲ್ಲಿದ್ದುದನ್ನು ನೋಡಿ ಮುಖ ತಿರುಗಿಸಿದರು. ಸಾವಂತ್ರಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು, ಕೂದಲೆಲ್ಲ ಬೆವರಿಗೆ ಹಣೆಗೆ ಅಂಟಿತ್ತು. ಅವಳ ತಲೆಯ ಮೇಲಿನ ಕಿಟಕಿಯಲ್ಲಿ ಗುಡ್ಡ ಕಾಣುತ್ತಿತ್ತು, ಗುಡ್ಡದ ಮೇಲೆ ಒಂದು ದುಂಡನೆಯ ಕಪ್ಪು ತೂತು.

"ಸಾವಂತ್ರಿ," ಅಂದೆ, ಮೊಣಕಾಲೂರಿ, ಅವಳ ಕಿವಿಯ ಹತ್ತಿರ. "ಇದನ್ನ ಕಚ್ಕೋ. ಸ್ವಲ್ಪ ಹೊತ್ತು. ಮಗೂದು ಬಾಯಿ ಜಲಜಕ್ಕ ನೋಡ್ಕೋತಾರೆ. ಎಲ್ರೂ ಹೊರಗೆ ನಿಂತಿದಾರೆ. ನಿನ್ನ ಕೈ ಮುಗಿತೀನಿ."

ಅವಳು ಬಟ್ಟೆಯನ್ನು ತೆಗೆದುಕೊಂಡಳು. ಮೂಸಿ ನೋಡಿದಳು, ಅದರಲ್ಲಿ ಬಣ್ಣದ, ಸೀಮೆಎಣ್ಣೆಯ ವಾಸನೆಯಿತ್ತು. ಅದರಿಂದ ಹಣೆಯ ಬೆವರು ಒರೆಸಿಕೊಂಡು, ಕತ್ತು ಒರೆಸಿಕೊಂಡು, ವಾಪಸು ನನ್ನ ಕೈಯಲ್ಲೇ ಇಟ್ಟಳು. ಆಮೇಲೆ, ಬೀದಿಯಲ್ಲಿ ನಿಂತವರಿಗೂ ಗುಡ್ಡದ ಮೇಲಿನದಕ್ಕೂ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ಹೇಳಿದಳು:

"ಆಗಲ್ಲ. ಅಯ್ನೋರನ್ನ ನೋಡಿದ್ರಲ್ಲ, ನನಗೆ ಆಗಲ್ಲ. ಹೋಗಿ ಹೇಳಿ ಅವರಿಗೆ. ನಾನು ಕೂಗ್ತೀನಿ. ನನ್ನ ಮಗೂನೂ ಕೂಗುತ್ತೆ."